ಹದ್ದಿನ ಹೊಟ್ಟೆಯ ಹುಳು

ಆ ದಿನ ಬೆಳಗ್ಗೆ ಹದ್ದು ಹಿಕ್ಕೆ ಹಾಕಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಪಕ್ಷಿಗಳ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಿಕ್ಕೆ ಪರೀಕ್ಷೆ ಮಾಡುತ್ತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಭೂತಗನ್ನಡಿ ಎಂದು. ರೆಕ್ಕೆ ಮುರಿದುಕೊಂಡು ಬಂದಿದ್ದ ಹದ್ದು ಮೂರು ತಿಂಗಳಲ್ಲಿ ಗುಣವಾಗಿತ್ತು. ಹೊಟ್ಟೆಯಲ್ಲಿ ಹುಳುವಿಲ್ಲವೆಂದು ಅವನು ಬರೆದುಕೊಟ್ಟರೆ ಸಂಜೆ ನಾಲ್ಕಕ್ಕೆ ಅದರ ಬಿಡುಗಡೆ.

ತಾರಸಿಯ ಮೇಲೆ ಬಿದ್ದಿದ್ದ ಹದ್ದನ್ನು ಯಾರಿಗೋ ಹೊಲಿದಿಟ್ಟಿದ್ದ ಹೊಸ ಕೋಟಿನಲ್ಲಿ ಸುತ್ತಿ ತಂದುಕೊಟ್ಟವರು ಟೈಲರಕ್ಕ. ಅವರು ಎಂಟಕ್ಕೇ ಬಂದು ಬೆಂಚಿನ ಮೇಲೆ ಕೂತಿದ್ದರು.

"ನಾಳೆ ನಾನು ಆಸ್ಪತ್ರೆಗೆ ಸೇರ್ಕೋಬೇಕಪ್ಪ. ಹೊಟ್ಟೆ ಕೊಯ್ತಾರಂತೆ. ಅದಕ್ಕೆ ಮುಂಚೆ ಇದು ಹಾರೋದನ್ನ ಒಂದ್ಸಲ ನೋಡ್ಬಿಡ್ತೀನಿ."

ಅವನು ತಟ್ಟೆಯಿಟ್ಟು ಪಂಜರದ ಮುಂದೆ ಕುಕ್ಕುರುಗಾಲಲ್ಲಿ ಕೂತ. ಹದ್ದು ತೀರ್ಪು ಕಾಯ್ದಿರಿಸಿದ ನ್ಯಾಯಾಧೀಶನಂತೆ ಕೂತಿತ್ತು. ಹತ್ತಕ್ಕೆ ಕಾವಲುಗಾರ ಬಂದ.

"ನೀವು ಹಿಂಗೆ ದುರುಗುಟ್ಕೊಂಡು ನೋಡಿದ್ರೆ ನಂಗೂ ಬರಲ್ಲ ಸಾರ್."

ಅವನು ಗೋಡೆಗೆ ಮುಖ ಮಾಡಿ ಕೂತ. ನೀರು ಚಿಮುಕಿಸಿ ನೋಡಿ ಎಂದ ಗುಮಾಸ್ತ. ಚಿಮುಕಿಸಿದ. ಹದ್ದು ರೆಕ್ಕೆ ಕೊಡವಿ ಅವನನ್ನೇ ನೆನೆಸಿತು. ಹನ್ನೆರಡೂವರೆಗೆ ತಟ್ಟೆ ಸರಿಸಲು ಕೈ ಒಳಗಿಟ್ಟಾಗ ಅಂಗಿಯ ತೋಳಿನ ಮೇಲೆ ತೀರ್ಪು ಬಿತ್ತು.

ಅಂಗಿ ಬಿಚ್ಚಿ, ಮಗುವನ್ನು ಎತ್ತಿಕೊಂಡಂತೆ ಹಿಡಿದು, ಬನಿಯನ್ನಿನಲ್ಲಿ ಕಾರಿಡಾರು ದಾಟುವಾಗ ಗುಮಾಸ್ತ ಬಿಡುಗಡೆ ನೋಡಲು ಬಂದ ಪತ್ರಿಕೆಯವರನ್ನು ಕರೆತರುತ್ತಿದ್ದ. ಬೇರೆ ದಾರಿ ಕಾಣದೆ, "ಇವರೇ ನಮ್ಮ ಪ್ರಯೋಗಾಲಯ" ಎಂದು ಪರಿಚಯಿಸಿದ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ಗಾಜು ಒರೆಸಿ ಇನ್ನೊಮ್ಮೆ ನೋಡಿದ. ಹುಳುವಿನ ಮೊಟ್ಟೆಗಳು. ಒಂದಲ್ಲ, ಎರಡಲ್ಲ. ಅಂದರೆ ಮದ್ದು ಕೊಟ್ಟು ಇನ್ನೂ ಮೂರು ವಾರ ಕಾಯಬೇಕು.

"ಇಲ್ಲ ಅಂತ ಬರೀರಿ," ಗುಮಾಸ್ತ ಮೆಲ್ಲಗೆ ಹೇಳಿದ. "ಹದ್ದೇನು ಬಂದು ದೂರು ಕೊಡುತ್ತಾ?"

"ಕಂಡಿದ್ದನ್ನ ಕಂಡಿಲ್ಲ ಅಂತ ನಾನು ಇದುವರೆಗೆ ಬರೆದಿಲ್ಲ."

ಹುಳುವಿದೆ ಎಂದು ಬರೆದು, ಟೈಲರಕ್ಕನಿಗೆ ತಾನೇ ಹೋಗಿ ತಿಳಿಸಿದ.

"ನನ್ನ ಹೊಟ್ಟೇಲಿ ಏನಿದೆ ಅಂತ ನಮ್ಮ ಡಾಕ್ಟ್ರೂ ಮುಚ್ಚಿಡಲಿಲ್ಲ. ನೀವು ಮಾಡಿದ್ದೇ ಸರಿ," ಎಂದು ಚೀಲ ಎತ್ತಿಕೊಂಡು ಹೊರಟರು.

ಆಗಲೇ ಹಿರಿಯ ಡಾಕ್ಟರು ಬಂದದ್ದು. ವರದಿ ಓದಿ, ಸೂಕ್ಷ್ಮದರ್ಶಕಕ್ಕೆ ಬಗ್ಗಿ, ಬಹಳ ಹೊತ್ತು ನೋಡಿದರು.

"ಮೊಟ್ಟೆ ನಿಜ. ಆದ್ರೆ ಇದು ಹದ್ದಿನ ಹುಳು ಅಲ್ಲ ಕಣ್ರಿ, ಇಲಿ ಹುಳು. ತಿಂದ ಇಲಿ ಜೊತೆ ಒಳಗೆ ಹೋಗಿದೆ, ಹಾಗೇ ಹೊರಗೆ ಬಂದಿದೆ. ಹದ್ದಿಗೆ ಏನೂ ಆಗಿಲ್ಲ. ಬಿಟ್ಬಿಡಿ."

ಅವನು ಬನಿಯನ್ನಿನಲ್ಲೇ ರಸ್ತೆಗೆ ಓಡಿ, ಬಸ್ಸು ಹತ್ತುತ್ತಿದ್ದ ಟೈಲರಕ್ಕನನ್ನು ಇಳಿಸಿ ಕರೆತಂದ. ಎಲ್ಲರೂ ಅಂಗಳಕ್ಕೆ ಹೊರಟರು. ಅವನೂ ಹೆಜ್ಜೆ ಹಾಕಿದ. ಡಾಕ್ಟರು ಭುಜದ ಮೇಲೆ ಕೈಯಿಟ್ಟರು.

"ಹದ್ದಿಗೆ ಹಾಕೋ ಇಲಿಗಳು ಎಲ್ಲಿಂದ ಬರ್ತವೆ?"

"ಇಲ್ಲೇ ಸಾಕೋದು ಸಾರ್. ಹಿಂದಿನ ಕೋಣೇಲಿ."

"ಸಾಕೋರು ಯಾರು?"

"ನಾನೇ ಸಾರ್."

"ಎಷ್ಟಿವೆ?"

"ಮುನ್ನೂರ ಹನ್ನೆರಡು."

"ಒಂದೊಂದಕ್ಕೂ ಎರಡೆರಡು ಹನಿ ಮದ್ದು. ಈಗ್ಲೇ ಶುರು ಮಾಡಿ."

ಅಂಗಳದಲ್ಲಿ ಚಪ್ಪಾಳೆ ಬಿದ್ದಾಗ ಅವನು ಕಿಟಕಿಯಿಲ್ಲದ ಕೋಣೆಯಲ್ಲಿ ಹದಿನೇಳನೆಯ ಇಲಿಯನ್ನು ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಟೈಲರಕ್ಕ ಬಾಗಿಲಲ್ಲಿ ನಿಂತರು. ಕಣ್ಣು ಒದ್ದೆಯಾಗಿತ್ತು.

"ಹಾರಿತಪ್ಪ. ಒಂದ್ಸಲಾನೂ ಹಿಂದಕ್ಕೆ ತಿರುಗಿ ನೋಡ್ಲಿಲ್ಲ."

"ಒಳ್ಳೇದಾಯ್ತಮ್ಮ" ಎಂದು ಅವನು ಇಲಿಯ ಬಾಯಿ ಬಿಡಿಸಿದ. ಅದು ಬೆರಳು ಕಚ್ಚಿತು.