ಉಂಡೆಯ ಮೇದೋಜೀರಕ ಗ್ರಂಥಿಯವರ ಸನ್ನಿಧಿಗೆ

ಪರಮ ಮಾನ್ಯರೇ,

ಹೊಟ್ಟೆಯ ಹಿಂದೆ, ಕರುಳಿನ ಮಗ್ಗುಲಲ್ಲಿ, ಯಾರ ಕಣ್ಣಿಗೂ ಬೀಳದಂತೆ ಪವಡಿಸಿರುವ ತಮಗೆ, ಮೂವತ್ತೆರಡು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿಕೊಂಡು ಕೂತಿರುವ ಒಬ್ಬ ಟೈಲರ್ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಾಗಿಲ್ಲವೆಂದು ರಕ್ತಪರೀಕ್ಷೆಯ ವರದಿ ಹೇಳುತ್ತದೆಯಾದರೂ, ಪತ್ರದ ಮೊದಲ ಸಾಲಿನಲ್ಲೇ ಅಂಥ ಮಾತು ಎತ್ತುವುದು ನಮ್ಮ ಮನೆಯ ಪದ್ಧತಿಯಲ್ಲ.

ತಾವು ವಾಸವಾಗಿರುವ ನಾಯಿಯ ಹೆಸರು ಉಂಡೆ. ಐದು ವರ್ಷದ ಹಿಂದೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ, ಚೂರುಬಟ್ಟೆ ತುಂಬಿಟ್ಟ ಡಬ್ಬದೊಳಗೆ, ದಾರದ ಉಂಡೆಯಂತೆ ಸುತ್ತಿಕೊಂಡು ಮಲಗಿದ್ದ ಮರಿಗೆ ನನ್ನ ಹೆಂಡತಿ ಇಟ್ಟ ಹೆಸರು ಅದು. ಆಗಲೂ ತಾವು ಅವನೊಳಗೇ ಇದ್ದಿರಿ, ಆದ್ದರಿಂದ ಹೆಚ್ಚಿಗೆ ಹೇಳಬೇಕಾಗಿಲ್ಲ. ಈ ಐದು ವರ್ಷ ತಾವು ಹಗಲೂ ರಾತ್ರಿ ಮಾಡಿದ ಕೆಲಸವನ್ನು ನಾವು ಒಂದು ದಿನವೂ ಗಮನಿಸಲಿಲ್ಲ, ಒಂದು ಒಳ್ಳೆಯ ಮಾತು ಆಡಲಿಲ್ಲ, ಇದು ನಮ್ಮ ತಪ್ಪೇ. ನೆಟ್ಟಗೆ ಹೊಲಿದ ಪ್ಯಾಂಟನ್ನು ಯಾರೂ ಹೊಗಳುವುದಿಲ್ಲ, ಹೊಲಿಗೆ ಬಿಚ್ಚಿದ ದಿನ ಮಾತ್ರ ಟೈಲರ್‌ನನ್ನು ಹುಡುಕಿಕೊಂಡು ಬರುತ್ತಾರೆ ಎಂಬುದನ್ನು ಅನುಭವಿಸಿದವನು ನಾನು. ಆದರೆ ಹೊಗಳಿಕೆ ಸಿಗಲಿಲ್ಲವೆಂದು ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು ನಾನು ಎಂದೂ ಎದ್ದು ಹೋಗಿಲ್ಲವೆಂದು ವಿನಯಪೂರ್ವಕವಾಗಿ ತಿಳಿಸಬಯಸುತ್ತೇನೆ.

ತಾವು ಎದ್ದು ಹೋದ ರೀತಿಯನ್ನಂತೂ ಮೆಚ್ಚಲೇಬೇಕು. ಮುಂಗಡ ಸೂಚನೆಯಿಲ್ಲ, ಘೋಷಣೆಯಿಲ್ಲ, ಬೇಡಿಕೆಗಳ ಪಟ್ಟಿಯಿಲ್ಲ. ಉಂಡೆ ಮೊದಲಿಗಿಂತ ಹೆಚ್ಚು ತಿನ್ನತೊಡಗಿದ, ತಿಂದಷ್ಟೂ ಸೊರಗತೊಡಗಿದ, ನಾವು ಹಾಕಿದ್ದಕ್ಕಿಂತ ಹೆಚ್ಚನ್ನು ಹಿತ್ತಲಿನಲ್ಲಿ ಮರಳಿ ಒಪ್ಪಿಸತೊಡಗಿದ. ಹಸಿವು ತಡೆಯಲಾರದೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಿಂದ, ಕೋಟಿನ ಭುಜಕ್ಕೆ ಇಡುವ ಮೆತ್ತೆ ತಿಂದ, ಕೊನೆಗೆ ಸೊಂಟ ಬಿಗಿ ಮಾಡಲೆಂದು ಬಂದಿದ್ದ ಮುಖ್ಯೋಪಾಧ್ಯಾಯರ ಪ್ಯಾಂಟಿನ ಬಲಗಡೆಯ ಜೇಬನ್ನು ಅದರೊಳಗಿದ್ದ ಬಿಸ್ಕತ್ತಿನ ಪುಡಿಯ ಸಮೇತ ತಿಂದ. ಶಾಲೆಯ ಅತ್ಯಂತ ಗಂಭೀರ ವ್ಯಕ್ತಿ ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ತರಗತಿಗೆ ಹೋಗುತ್ತಾರೆಂಬ ಗುಟ್ಟು ಹೀಗೆ ತಮ್ಮ ಕೃಪೆಯಿಂದ ಬಯಲಾಯಿತು, ಮತ್ತು ಅವರು ಈಗ ತಮ್ಮ ಬಟ್ಟೆಗಳನ್ನು ಬೇರೆ ಅಂಗಡಿಗೆ ಕೊಡುತ್ತಿದ್ದಾರೆ.

ನಮ್ಮ ಜೊತೆಯಲ್ಲೇ ಇರುವ ನನ್ನ ಅಕ್ಕ "ಹೊಟ್ಟೇಲಿ ಹುಳ ಇರ್ಬೇಕು ಕಣೋ" ಎಂದು ಎರಡು ತಿಂಗಳು ಹೇಳಿದಳು. ಹುಳುವಿನ ಔಷಧಿ ಕೊಟ್ಟೆವು, ಹುಳು ಬರಲಿಲ್ಲ. ಕೊನೆಗೆ ಪಶುವೈದ್ಯೆ, ನಾವೆಲ್ಲ ಡಾಕ್ಟರಮ್ಮ ಎಂದು ಕರೆಯುವವರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಊಟ ಅರಗಿಸುವ ರಸವನ್ನು ತಯಾರಿಸಬೇಕಾದ ತಾವು ಆ ಕೆಲಸವನ್ನು ಕೈಬಿಟ್ಟಿದ್ದೀರೆಂದೂ, ಉಂಡೆ ಹೊಟ್ಟೆ ತುಂಬ ತಿಂದೂ ಉಪವಾಸ ಬಿದ್ದಿದ್ದಾನೆಂದೂ, ಇದು ಗುಣವಾಗುವ ಕಾಯಿಲೆಯಲ್ಲ, ಜೀವನಪೂರ್ತಿ ಪಥ್ಯದಲ್ಲಿ ಸಂಭಾಳಿಸಬೇಕಾದದ್ದೆಂದೂ ತಿಳಿಸಿದರು. ಆಗಲೇ ನನಗೆ ತಮ್ಮ ಹೆಸರು ಮೊದಲ ಬಾರಿ ಕಿವಿಗೆ ಬಿದ್ದದ್ದು. ತಮಗೆ ಎರಡು ಕೆಲಸಗಳಿವೆಯಂತೆ, ಒಂದು ಊಟ ಅರಗಿಸುವುದು, ಇನ್ನೊಂದು ರಕ್ತದ ಸಕ್ಕರೆಯನ್ನು ಹದದಲ್ಲಿಡುವುದು. ಎರಡನೆಯದನ್ನು ತಾವು ಈಗಲೂ ಚಾಚೂ ತಪ್ಪದೆ ಮಾಡುತ್ತಿದ್ದೀರಂತೆ. ಒಂದೇ ಕುರ್ಚಿಯಲ್ಲಿ ಕೂತು ಅರ್ಧ ಕೆಲಸಕ್ಕೆ ಹಾಜರಿ, ಅರ್ಧಕ್ಕೆ ಗೈರುಹಾಜರಿ ಹಾಕಿಸಿಕೊಳ್ಳುವ ಈ ಕಲೆಯನ್ನು ಯಾರ ಬಳಿ ಕಲಿತಿರೆಂದು ತಿಳಿದುಕೊಳ್ಳುವ ಕುತೂಹಲ ನನಗಿದೆ.

ತಮ್ಮ ಗೈರುಹಾಜರಿಯಿಂದ ನಮ್ಮ ಮನೆಯಲ್ಲಿ ಮೂಡಿರುವ ಶಿಸ್ತನ್ನು ತಮ್ಮ ಗಮನಕ್ಕೆ ತರಲು ಹೆಮ್ಮೆಪಡುತ್ತೇನೆ. ಉಂಡೆಗೆ ಈಗ ದಿನಕ್ಕೆ ನಾಲ್ಕು ಸಣ್ಣ ಊಟ. ಚರ್ಮವನ್ನೂ ಕೊಬ್ಬನ್ನೂ ತೆಗೆದು ಬೇಯಿಸಿದ ಕೋಳಿ, ಮೆತ್ತಗಿನ ಅನ್ನ, ಅದಕ್ಕೆ ತಮ್ಮ ಬದಲು ಕೆಲಸ ಮಾಡುವ ಒಂದು ಪುಡಿ, ಚಮಚದ ಅಂಚಿಗೆ ಸಮನಾಗಿ. ಸಮನಾಗಿದೆಯೇ ಎಂದು ನಾನು ಚಮಚದ ಮೇಲೆ ಅಡಿಪಟ್ಟಿ ಎಳೆದು ನೋಡುತ್ತೇನೆ. ಊಟ ಬಿಸಿಯಾಗಿದ್ದರೆ ಪುಡಿ ಕೆಟ್ಟುಹೋಗುತ್ತದೆ, ಆದ್ದರಿಂದ ನನ್ನ ಹೆಂಡತಿ ಬಟ್ಟಲಿಗೆ ಬೆರಳು ಇಟ್ಟು ನೋಡಿ ಅಪ್ಪಣೆ ಕೊಡಬೇಕು. ಪುಡಿ ಕಲಸಿದ ಮೇಲೆ ಇಪ್ಪತ್ತು ನಿಮಿಷ ಬಿಡಬೇಕು, ಮತ್ತು ಆ ಇಪ್ಪತ್ತು ನಿಮಿಷ ಉಂಡೆ ಬಟ್ಟಲಿನ ಎದುರು ಕೂತು ನಮ್ಮೊಬ್ಬೊಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತಾನೆ. ಅಕ್ಕನಿಗೆ ಆ ನೋಟ ತಡೆಯಲಾಗದೆ ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಾಳೆ. ನಾನು ಯಂತ್ರ ನಿಲ್ಲಿಸುತ್ತೇನೆ. ದಿನಕ್ಕೆ ನಾಲ್ಕು ಸಲ, ಇಪ್ಪತ್ತಿಪ್ಪತ್ತು ನಿಮಿಷ, ಇಡೀ ಮನೆ ಮೌನ ಆಚರಿಸುತ್ತದೆ, ಯಾರೋ ತೀರಿಕೊಂಡಿದ್ದಾರೇನೋ ಎಂದು ಗಿರಾಕಿಗಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಅರಿಕೆಗಳಿವೆ. ತಾವು ಪೂರ್ತಿ ಕೆಲಸಕ್ಕೆ ಮರಳಲಾಗದಿದ್ದರೆ ವಾರಕ್ಕೊಂದು ಮಧ್ಯಾಹ್ನವಾದರೂ ಬಂದು ಹೋಗಬೇಕು, ಆ ಮಧ್ಯಾಹ್ನ ಅಕ್ಕ ಅವನಿಗೆ ಒಂದು ತುಂಡು ಬ್ರೆಡ್ಡು ಕೊಟ್ಟು ಸಮಾಧಾನ ಮಾಡಿಕೊಳ್ಳುತ್ತಾಳೆ. ಅದೂ ಆಗದಿದ್ದರೆ ಪಕ್ಕದಲ್ಲಿರುವ ಯಕೃತ್ತಿನವರಿಗೆ ಕೆಲಸ ಹೇಳಿಕೊಟ್ಟು ಹೋಗಬೇಕು, ಅವರು ದೊಡ್ಡ ಮನಸ್ಸಿನವರೆಂದು ಡಾಕ್ಟರಮ್ಮ ಹೇಳಿದ್ದಾರೆ. ಯಾವುದೂ ಸಾಧ್ಯವಿಲ್ಲವೆಂದಾದರೆ ಉಂಡೆಗೆ ತಾವೇ ಖುದ್ದಾಗಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಬಟ್ಟಲು ತಡವಾಗುವುದು ನಮ್ಮ ಕಲ್ಲು ಮನಸ್ಸಿನಿಂದಲ್ಲ ಎಂದು ಒಂದು ಮಾತು ತಿಳಿಸಬೇಕು. ಇದೊಂದನ್ನಾದರೂ ನಡೆಸಿಕೊಡಿ, ಏಕೆಂದರೆ ಅವನು ನಮ್ಮನ್ನು ತಪ್ಪು ತಿಳಿದುಕೊಂಡಿದ್ದಾನೆಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ಇನ್ನು ತಮ್ಮ ಸಹಾಯವಿಲ್ಲದೆಯೂ ನಾನು ಸಾಧಿಸಿದ ಪ್ರಗತಿಯನ್ನು ತಮ್ಮ ಮುಖಕ್ಕೆ ಹಿಡಿಯುವುದು ಈ ಪತ್ರದ ಮೂಲ ಉದ್ದೇಶವಾಗಿತ್ತು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ. ತಕ್ಕಡಿ ಯಾಕೆ, ಕೊರಳಲ್ಲಿ ಸದಾ ಟೇಪು ನೇತಾಡುವ ಮನುಷ್ಯ ನಾನು. ಪ್ರತಿ ಭಾನುವಾರ ಬೆಳಿಗ್ಗೆ ಉಂಡೆಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮುಂಗಾಲುಗಳ ಹಿಂದೆ ಟೇಪು ಸುತ್ತಿ ಎದೆಯ ಅಳತೆ ತೆಗೆದು, ಗಿರಾಕಿಗಳ ಅಳತೆ ಪುಸ್ತಕದಲ್ಲಿ ಅವನಿಗೂ ಒಂದು ಪುಟ ಮಾಡಿ ಬರೆದೆ. ಮೊದಲ ವಾರ ಇಪ್ಪತ್ತನಾಲ್ಕು ಇಂಚು. ಮೂರನೆಯ ವಾರ ಇಪ್ಪತ್ತನಾಲ್ಕೂವರೆ. ಆರನೆಯ ವಾರ ಇಪ್ಪತ್ತೈದು. ನಾನು ಹಿಗ್ಗಿ ಹೋದೆ. ಆ ಅಳತೆಗೆ ಅವನಿಗೊಂದು ಚಳಿಗಾಲದ ಕೋಟು ಹೊಲಿದೆ, ನಸುಗಂದು ಬಣ್ಣದ್ದು, ಒಳಗೆ ಲೈನಿಂಗ್ ಇಟ್ಟು. ಮೂರು ದಶಕದ ಅನುಭವಕ್ಕೆ ತಾವೇನು ಸಾಟಿ ಎಂದು ತಮಗೆ ಬರೆಯಲು ಕೂತೆ.

ಮಾನ್ಯರೇ, ಇಲ್ಲಿಯವರೆಗೆ ಬರೆದು, ಅಂಚೆಗೆ ಹಾಕಲು ತಮ್ಮ ವಿಳಾಸ ಯಾವುದೆಂದು ಯೋಚಿಸುತ್ತ, ಪತ್ರವನ್ನು ಇಸ್ತ್ರಿ ಮೇಜಿನ ಮೇಲೆ ಬಿಟ್ಟಿದ್ದೆ. ಮುಂದಿನದನ್ನು ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಮೇಲಿನದನ್ನು ಹರಿದು ಹಾಕಬಹುದಿತ್ತು, ಆದರೆ ನನಗೆ ಶಿಕ್ಷೆಯಾಗಿ ಹಾಗೇ ಇಟ್ಟಿದ್ದೇನೆ.

ಅಳತೆ ಪುಸ್ತಕ ಶುಭಸುದ್ದಿ ಹೇಳಿದ ಮೇಲೆ ನಾನು ಉದಾರಿಯಾದೆ. ನಾಲ್ಕು ಊಟ ಯಾಕೆ, ಎರಡು ಸಾಕು ಎಂದೆ. ಪುಡಿಯನ್ನು ಚಮಚದ ಅರ್ಧಕ್ಕೆ ಇಳಿಸಿದೆ. ಅಕ್ಕನಿಗೆ ಬೆಣ್ಣೆ ಸವರಿದ ಬ್ರೆಡ್ಡು ಕೊಡಲು ಪರವಾನಗಿ ಕೊಟ್ಟೆ, ಅವಳು ಖುಷಿಯಿಂದ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಳು. ನನ್ನ ಹೆಂಡತಿ ಮಾತ್ರ ಗುಂಡಿಯ ಕಾಜ ಹೊಲಿಯುತ್ತ ಕೂತಲ್ಲಿಂದಲೇ ಕೋಟನ್ನು ನೋಡಿ, "ಇದು ಉಂಡೆಗೆ ಹೊಲಿದಿದ್ದೋ, ಉಂಡೆಗೂ ಅವನ ಅಣ್ಣಂಗೂ ಸೇರಿಸಿ ಹೊಲಿದಿದ್ದೋ" ಎಂದು ಕೇಳಿದಳು. ಕೋಟು ಅವನ ಹೊಟ್ಟೆಯ ಕೆಳಗೆ ಜೋಲಾಡುತ್ತಿತ್ತು. ಬೆಳೆಯುವ ದೇಹಕ್ಕೆ ಸ್ವಲ್ಪ ಸಡಿಲ ಇರಬೇಕು ಎಂದು ನಾನು ಗದರಿದೆ. ಆಮೇಲೆ ಒಂದು ದಿನ ಕತ್ತರಿಯನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಉಂಡೆ ಏಳಲಿಲ್ಲ. ಐದು ವರ್ಷದಿಂದ ಆ ಸದ್ದಾದರೆ ಕೆಲಸ ಮುಗಿಯಿತು, ಇನ್ನು ತಿರುಗಾಟ ಎಂದು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದವನು ಪೆಡಲ್‌ನ ಪಕ್ಕದಲ್ಲಿ ಮಲಗಿಕೊಂಡೇ ಬಾಲವನ್ನು ಒಂದು ಸಲ ನೆಲಕ್ಕೆ ಬಡಿದ, ಅಷ್ಟೆ.

ಅವನನ್ನು ಎತ್ತಿಕೊಂಡು ಡಾಕ್ಟರಮ್ಮನ ಬಳಿ ಹೋದೆ, ಕಂಕುಳಲ್ಲಿ ಅಳತೆ ಪುಸ್ತಕವನ್ನೂ ಇಟ್ಟುಕೊಂಡೆ. ಅವರು ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಕಾಯಿಲೆ ಪತ್ತೆಯಾದ ದಿನ ಹದಿನಾಲ್ಕು ಕಿಲೋ ಇದ್ದವನು ಹನ್ನೆರಡೂವರೆಗೆ ಇಳಿದಿದ್ದ. ತಕ್ಕಡಿ ಕೆಟ್ಟಿದೆ ಎಂದು ನಾನು ವಾದಿಸಿದೆ, ಪುಸ್ತಕ ತೆರೆದು ತೋರಿಸಿದೆ. ಅವರು ಸಿಟ್ಟಾಗಲಿಲ್ಲ, ನನ್ನ ಕೊರಳಿನ ಟೇಪನ್ನು ನೋಡಿ ಅಲ್ಲೇ ಒಂದು ಸಲ ಅಳತೆ ತೆಗೆಯಲು ಹೇಳಿದರು. ನಾನು ಎಂದಿನ ಹಾಗೆ ತೆಗೆದೆ. ಅವರು ಬಗ್ಗಿ ನೋಡಿ, ಟೇಪಿನ ಕೆಳಗಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಎಣಿಸಿ, "ಯಜಮಾನ್ರೇ, ನೀವು ನಾಯಿ ಅಳತೆ ತಗೊಂಡಿಲ್ಲ, ನಿಮ್ಮ ಬೆರಳಿನ ಅಳತೆ ತಗೊಂಡಿದೀರಿ" ಎಂದರು.

ಎದೆಯ ಅಳತೆ ತೆಗೆಯುವಾಗ ಟೇಪಿನೊಳಗೆ ಎರಡು ಬೆರಳು ಇಟ್ಟು ಸಡಿಲ ಬಿಡಬೇಕೆಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಗಿರಾಕಿ ಸಣಕಲಾಗಿದ್ದರೆ ಮೂರು, ತೀರ ಸೊರಗಿದ್ದರೆ ನಾಲ್ಕು, ಅವನ ಎಲುಬು ಊರಿಗೆ ಕಾಣಿಸಬಾರದು ಎಂದೂ ಹೇಳಿದ್ದರು. ಇದು ಮೂವತ್ತೆರಡು ವರ್ಷದಲ್ಲಿ ನನ್ನ ಕೈಗೆ ಎಷ್ಟು ಅಂಟಿದೆಯೆಂದರೆ ಕೇಳದೆಯೇ ಕೈ ಮಾಡಿಬಿಡುತ್ತದೆ. ಪಥ್ಯ ಮೈಗೆ ಹತ್ತುವ ಮೊದಲಿನ ವಾರಗಳಲ್ಲೂ, ನಾನು ಅದನ್ನು ಕಡಿಮೆ ಮಾಡಿದ ಮೇಲೂ, ಉಂಡೆ ಸೊರಗಿದಷ್ಟೂ ನನ್ನ ಕೈ ಒಂದೊಂದು ಬೆರಳು ಹೆಚ್ಚಿಗೆ ತೂರಿಸಿದೆ, ನಾಯಿ ಇಳಿದಷ್ಟೂ ಪುಸ್ತಕ ಏರಿದೆ. ಗಿರಾಕಿಯ ಬಡಕಲನ್ನು ಮುಚ್ಚಿಡುವ ನನ್ನ ವಿದ್ಯೆ ಅವನ ಬಡಕಲನ್ನು ನನ್ನಿಂದಲೇ ಮುಚ್ಚಿಟ್ಟಿತ್ತು. ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಅಕ್ಕ ಬೆಣ್ಣೆಯ ಡಬ್ಬವನ್ನು ಎತ್ತಿ ತನ್ನ ಕೈಗೇ ಸುಲಭವಾಗಿ ಸಿಗದ ಕಪಾಟಿನಲ್ಲಿ ಇಟ್ಟಳು, ತಪ್ಪು ನನ್ನದೊಬ್ಬನದೇ ಆಗಿದ್ದರೂ.

ಆದ ಕಾರಣ ತಮ್ಮ ಮೇಲೆ ಹೊರಿಸಿದ್ದ ದೂರುಗಳಲ್ಲಿ ಅರ್ಧವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ತಾವು ಕೆಲಸ ಬಿಟ್ಟದ್ದು ನಿಜ, ಆದರೆ ಕೆಲಸ ಮಾಡುತ್ತಿದ್ದೇನೆಂದು ಸುಳ್ಳು ಲೆಕ್ಕ ಬರೆಯಲಿಲ್ಲ. ಅದನ್ನು ಬರೆದವನು ನಾನು. ನಾಲ್ಕು ಊಟ ಮರಳಿ ಬಂದಿವೆ, ಅಡಿಪಟ್ಟಿ ಮರಳಿ ಚಮಚದ ಮೇಲೇರಿದೆ, ಅಕ್ಕನ ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗಿದೆ. ವಾರಕ್ಕೊಮ್ಮೆ ಡಾಕ್ಟರಮ್ಮನ ತಕ್ಕಡಿಗೆ ಹೋಗಿ ಬರುತ್ತೇವೆ, ಕಳೆದ ಸಲ ಹದಿನೈದು ಕಿಲೋ ಮುಟ್ಟಿದ. ತಾವು ಮರಳಿ ಬರುವುದಿಲ್ಲವೆಂದು ಈಗ ನನಗೆ ಮನವರಿಕೆಯಾಗಿದೆ, ಕಾಯುವುದನ್ನೂ ಬಿಟ್ಟಿದ್ದೇನೆ. ಟೇಪನ್ನು ಮಾತ್ರ ಅವನ ಮೈಗೆ ಮುಟ್ಟಿಸುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ.

ಕೋಟು ಹಾಗೇ ಇದೆ. ಬಿಚ್ಚಿ ಬಿಗಿ ಮಾಡಲು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ. ಈಗ ಭಾನುವಾರ ಬೆಳಿಗ್ಗೆ ಅದನ್ನು ಅವನಿಗೆ ತೊಡಿಸಿ, ಗುಂಡಿ ಹಾಕಿ, ಎದೆಯ ಹತ್ತಿರ ಎಷ್ಟು ಬೆರಳು ಒಳಗೆ ಹೋಗುತ್ತವೆ ಎಂದು ನೋಡುತ್ತೇನೆ. ಅಳತೆ ಪುಸ್ತಕ ಹಿಡಿದುಕೊಂಡು ಡಾಕ್ಟರಮ್ಮನ ಬಳಿ ಹೋಗಿ ಬಂದ ವಾರ ನಾಲ್ಕು ಬೆರಳಿನ ಜೊತೆ ಹೆಬ್ಬೆರಳೂ ಹೋಗಿತ್ತು. ಆಮೇಲೆ ಮೂರಕ್ಕೆ ಬಂತು, ಆಮೇಲೆ ಎರಡು. ಈ ಭಾನುವಾರ ಒಂದು ಬೆರಳನ್ನು ತೂರಿಸಲು ಹೋದೆ, ಸ್ವಲ್ಪ ಕಷ್ಟಪಡಬೇಕಾಯಿತು. ನಾನು ಕನ್ನಡಿಯ ಮುಂದೆ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ನೆಲದ ಮೇಲೇ ಕೂತುಬಿಟ್ಟೆ. ಆಮೇಲೆ ಎದ್ದು ಕತ್ತರಿಯನ್ನು ಸದ್ದಾಗುವಂತೆ ಮೇಜಿನ ಮೇಲೆ ಇಟ್ಟೆ, ಅವನು ಆಗಲೇ ಬಾಗಿಲಲ್ಲಿದ್ದ.

ಇಷ್ಟೆಲ್ಲ ಆದ ಮೇಲೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಉಂಡೆಯ ಮನೆಯ ಟೈಲರ್

ತಾ.ಕ.: ತಮ್ಮ ಬದಲು ದುಡಿಯುತ್ತಿರುವ ಆ ಪುಡಿಯನ್ನು ಯಾವುದರಿಂದ ಮಾಡುತ್ತಾರೆಂದು ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡೆ. ಅದು ಯಾವುದೋ ಒಂದು ಹಂದಿಯ ಮೇದೋಜೀರಕ ಗ್ರಂಥಿಯಂತೆ. ಅಂದರೆ ಸತ್ತು, ಒಣಗಿ, ಪುಡಿಯಾಗಿ, ಡಬ್ಬದೊಳಗೆ ಸೇರಿದ ಮೇಲೂ ತಮ್ಮ ಕುಲದವರೊಬ್ಬರು ಪರರ ಮನೆಯ ನಾಯಿಗಾಗಿ ದಿನಕ್ಕೆ ನಾಲ್ಕು ಸಲ, ಭಾನುವಾರವೂ ರಜೆ ತೆಗೆದುಕೊಳ್ಳದೆ, ಕೆಲಸಕ್ಕೆ ಬರುತ್ತಿದ್ದಾರೆ. ಇದನ್ನು ತಮ್ಮ ಮಾಹಿತಿಗಾಗಿ ತಿಳಿಸಿದ್ದೇನೆ, ತಾವು ನಾಚಿಕೊಳ್ಳಲೇಬೇಕೆಂಬ ಒತ್ತಾಯವೇನೂ ಇಲ್ಲ.