ಗೆದ್ದವರಿಗೊಂದು ಸಂತಾಪ

ಆ ಭಾನುವಾರ ಬೆಳಿಗ್ಗೆ ಬೆಳಗಾವಿಯ ಹಿಂದವಾಡಿಯಲ್ಲಿ ನಮ್ಮ ಓಣಿಯ ಚಹಾದಂಗಡಿ ಕಟ್ಟೆಯ ಮೇಲೆ ಮೂವರಿದ್ದೆವು. ನನ್ನ ಕಾಕಾ, ಕಾಕಾನ ಬಾಲ್ಯದ ಗೆಳೆಯ ಬಾಪೂರಾವ್, ಇವರಿಬ್ಬರ ಜಗಳಕ್ಕೆ ಕಾಯಂ ಸಾಕ್ಷಿಯಾದ ನಾನು. ಹಿಂದಿನ ದಿನ ನಮ್ಮ ಓಣಿಯ ಫುಟ್‌ಬಾಲ್ ತಂಡ ಒಂದು ಗೋಲಿನಿಂದ ಗೆದ್ದಿತ್ತು. ಗೆದ್ದ ಹುಡುಗರು ಒಬ್ಬೊಬ್ಬರಾಗಿ ಚಹಾಕ್ಕೆ ಬರುತ್ತಿದ್ದರು. ಕಾಕಾ ಒಬ್ಬೊಬ್ಬನ ಬೆನ್ನನ್ನೂ ಸವರಿ, ಸತ್ತವರ ಮನೆಗೆ ಬಂದವರ ದನಿಯಲ್ಲಿ ಹೇಳುತ್ತಿದ್ದರು:

"ಹೋಗ್ಲಿ ಬಿಡ ತಮ್ಮಾ. ಆಗೂದು ಆಗಿ ಹೋತು. ಮನಸ್ಸಿಗೆ ಹಚ್ಚಿಕೋಬ್ಯಾಡ."

"ಲೇ, ಗೆದ್ದಾರೋ ಅವರು!" ಬಾಪೂರಾವ್ ಚಹಾದ ಬಸಿಯನ್ನು ಕಟ್ಟೆಗೆ ಕುಕ್ಕಿದರು.

"ಅದಽ ಖರೇ ದುಃಖ," ಎಂದರು ಕಾಕಾ.

ಗೆದ್ದವರಿಗೆ ಸಂತಾಪ ಹೇಳುವ ಮನುಷ್ಯನನ್ನು ನೀವೆಲ್ಲಾದರೂ ನೋಡಿದ್ದೀರಾ? ಇಲ್ಲದಿದ್ದರೆ ನಮ್ಮ ಮನೆಗೆ ಬನ್ನಿ. ಟಿಕೆಟ್ ಇಲ್ಲ, ಮೇಲೆ ಚಹಾ ಬೇರೆ ಸಿಗುತ್ತದೆ!

ಕಾಕಾನ ಸಿದ್ಧಾಂತ ಸರಳ. ಚೆಂಡು ನೆಲ ಬಿಟ್ಟು ಮೇಲೇಳಬಾರದು. ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ, ಅವನಿಂದ ಮತ್ತೊಬ್ಬನಿಗೆ, ಹೀಗೆ ಹನ್ನೊಂದು ಮಂದಿಯ ಕ್ಷೇಮಸಮಾಚಾರ ಕೇಳಿಕೊಂಡು ಅದು ಗೋಲು ಸೇರಬೇಕು. ಸೇರದಿದ್ದರೂ ಅಡ್ಡಿಯಿಲ್ಲ, ಕ್ಷೇಮಸಮಾಚಾರ ಕೇಳಿತೋ ಇಲ್ಲವೋ ಅಷ್ಟೇ ಮುಖ್ಯ. ಹಿಂದಿನಿಂದ ಒಬ್ಬ ಆಕಾಶಕ್ಕೆ ಒದೆದು, ಮುಂದಿದ್ದವನೊಬ್ಬ ಓಡಿಹೋಗಿ ಗೋಲು ಹೊಡೆದರೆ ಕಾಕಾ ಕುರ್ಚಿಯನ್ನು ತಿರುಗಿಸಿ ಮೈದಾನಕ್ಕೆ ಬೆನ್ನು ಮಾಡಿ ಕೂಡುತ್ತಿದ್ದರು.

ಬಾಪೂರಾವ್ ಅವರದು ಹಾರ್ಡ್‌ವೇರ್ ಅಂಗಡಿ, ಸಿದ್ಧಾಂತವೂ ಅಲ್ಲಿಯದೇ. "ಮೊಳಿ ಗ್ವಾಡ್ಯಾಗ ಹೋತೋ ಇಲ್ಲೋ ಅಷ್ಟ ನೋಡೂದು. ಬಡಿಯೂ ಮುಂದ ಸುತ್ತಿಗಿ ಛಂದ ಕಾಣತಿತ್ತೋ ಇಲ್ಲೋ ಅಂತ ಯಾರ ಕೇಳ್ತಾರೋ?"

ಕಾಕಾ ನಿವೃತ್ತ ಡ್ರಾಯಿಂಗ್ ಮಾಸ್ತರು. ಬಿಡುತ್ತಾರೆಯೇ? "ಹಂಗಾದ್ರ ಮಗಳ ಮದವಿಗೆ ಎರಡ ದಿನ ಹೂವಿನ ಮಂಟಪ ಯಾಕ ಕಟ್ಟಿಸಿದಿ? ರಜಿಸ್ಟರ್ ಕಚೇರಿಗೆ ಹೋಗಿ ಸಹಿ ಮಾಡಿ ಬಂದಿದ್ರ ಒಂದ ಗೋಲು ಆಗ್ತಿತ್ತಲ್ಲ!"

ನಮ್ಮ ತಂಡಕ್ಕೊಬ್ಬರು ಮ್ಯಾನೇಜರ್ ಇರುತ್ತಾರೆ. ಹುಡುಗರಿಗೆ ಆಟ ಕಲಿಸುವುದು, ಯಾರು ಎಲ್ಲಿ ಆಡಬೇಕೆಂದು ಹೇಳುವುದು, ಚೆಂಡಿಗೆ ಗಾಳಿ ಹೊಡೆಯುವುದು, ಸೋತರೆ ಬೈಸಿಕೊಳ್ಳುವುದು, ಎಲ್ಲ ಅವರದೇ ಕೆಲಸ. ಮೊದಲು ಮಾಸ್ತರ್ ಎನ್ನುತ್ತಿದ್ದೆವು. ಟೀವಿಯಲ್ಲಿ ವಿಲಾಯತಿ ಪಂದ್ಯ ನೋಡಲು ಹತ್ತಿದ ಮೇಲೆ ಅವರು ಮ್ಯಾನೇಜರ್ ಆದರು. ಗಾಳಿ ಹೊಡೆಯುವುದು ಮಾತ್ರ ತಪ್ಪಲಿಲ್ಲ!

ಆಗಿದ್ದ ಮ್ಯಾನೇಜರ್ 'ಒದಿ, ಓಡು' ಎಂಬ ಎರಡೇ ಶಬ್ದದಲ್ಲಿ ಇಡೀ ವಿದ್ಯೆಯನ್ನು ಕಲಿಸಿದ್ದ ಮನುಷ್ಯ. ಅವರ ಕಾಲದಲ್ಲಿ ತಂಡ ಗೆದ್ದದ್ದೇ ಗೆದ್ದದ್ದು, ಕಾಕಾ ಅತ್ತದ್ದೇ ಅತ್ತದ್ದು. ಒಂದು ಪಂದ್ಯ ಗೆದ್ದ ಮರುಕ್ಷಣ ಕಾಕಾ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಹಾಕಿಬಿಟ್ಟರು, ಕೆಳಗೊಂದು ಉರಿಯುವ ದೀಪ ಸಹಿತ. ಶ್ರದ್ಧಾಂಜಲಿ ಫುಟ್‌ಬಾಲ್ ಆಟಕ್ಕೆ ಎಂದು ಬರೆಯುವುದು ಮರೆತುಹೋಗಿತ್ತು. ಆ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಕಂಬಕ್ಕೆ ತಲೆ ಬಡಿಸಿಕೊಂಡಿದ್ದ. ಮಂದಿ ತಮ್ಮ ಪಾಡಿಗೆ ತಾವು ಲೆಕ್ಕ ಹಾಕಿದರು. ಮರುದಿನ ಬೆಳಿಗ್ಗೆ ನಾಲ್ಕು ಜನ ಹೂವಿನ ಹಾರ ಹಿಡಿದುಕೊಂಡು ಶಿವಬಸವ ನಗರದಲ್ಲಿದ್ದ ಅವನ ಮನೆಗೆ ಹೋದರೆ ಬಾಗಿಲು ತೆರೆದವನು ಅವನೇ, ಕೈಯಲ್ಲಿ ಅವಲಕ್ಕಿ ಬಟ್ಟಲು! "ಏನ್ರೀ, ಮ್ಯಾನ್ ಆಫ್ ದ ಮ್ಯಾಚ್ ನನಗ ಬಂತೇನು?" ಎಂದು ಖುಷಿಯಿಂದ ಕೊರಳು ಬಗ್ಗಿಸಿದನಂತೆ. ಬಂದವರು ಏನು ಮಾಡಬೇಕು? ಹಾಕಿ ಬಂದರು.

ಇನ್ನು ಹುಣಸೆ ಬೀಜಗಳ ಕಥೆ. ಪಂದ್ಯ ನೋಡುವಾಗ ಕಾಕಾನ ಎಡಗಿಸೆಯ ತುಂಬ ಹುಣಸೆ ಬೀಜ. ನಮ್ಮವರು ಒಂದು ಪಾಸು ಸರಿಯಾಗಿ ಕೊಟ್ಟರೆ ಒಂದು ಬೀಜ ಬಲಗಿಸೆಗೆ. ಎದುರಾಳಿ ಚೆಂಡು ಕಸಿದುಕೊಂಡರೆ ಎಲ್ಲ ಬೀಜ ಮರಳಿ ಎಡಕ್ಕೆ. ಗೋಲೆಷ್ಟಾಯಿತು ಎಂದು ಕೇಳಿದರೆ ಅವರಿಗೆ ಗೊತ್ತಿರುತ್ತಿರಲಿಲ್ಲ. "ಹದಿನಾರು ಆಗಿತ್ತೋ, ಅಷ್ಟರಾಗ ಆ ಮಂಗ್ಯಾ ಮ್ಯಾಲ ಒದ್ದ!" ಎನ್ನುತ್ತಿದ್ದರು. ಒಮ್ಮೆ ಮೈದಾನದಿಂದ ಸೀದಾ ನೆಂಟರ ಮದುವೆಗೆ ಹೋದರು. ಅಕ್ಷತೆಯ ಹೊತ್ತಾಯಿತು. ಯಾರೋ ಕೈಗೆ ಹಾಕಿದ ಅಕ್ಕಿಯನ್ನು ಕಾಕಾ ಮೊದಲೇ ಕಿಸೆಗೆ ಇಳಿಸಿದ್ದರು. ಯಾವ ಕಿಸೆ? ಅವರಿಗೆ ನೆನಪಿಲ್ಲ. ವಾದ್ಯ ಜೋರಾದದ್ದೇ ತಡ, ಒಂದು ಮುಷ್ಟಿ ತೆಗೆದು ಬೀಸಿದರು. ವರ "ಅಯ್ಯಯ್ಯೋ!" ಎಂದು ಮೂಗು ಹಿಡಿದುಕೊಂಡ. ಆಲಿಕಲ್ಲು ಬಿತ್ತೆಂದು ಮುದುಕಿಯೊಬ್ಬಳು ಛತ್ರಿ ಬಿಚ್ಚಿದಳು, ಅದೂ ಮಂಗಲ ಕಾರ್ಯಾಲಯದ ಒಳಗೆ!

ಮನೆಯಲ್ಲಾದರೂ ಸುಮ್ಮನಿರುತ್ತಿದ್ದರೇ? ಊಟಕ್ಕೆ ಕುಳಿತಾಗ ರೊಟ್ಟಿ ಬುಟ್ಟಿ ಕೈಯಿಂದ ಕೈಗೆ ಎಲ್ಲರ ಮುಂದೆ ಹಾಯ್ದು ಬರಬೇಕು. ಕಾಕಾನ ಹೆಂಡತಿ, ನಮ್ಮ ಕಾಕು, ಒಂದು ದಿನ ಅವಸರದಲ್ಲಿ ಒಲೆಯ ಬಳಿಯಿಂದಲೇ ನನ್ನ ತಾಟಿಗೆ ಒಂದು ರೊಟ್ಟಿ ಒಗೆದರು. ಗುರಿ ತಪ್ಪಲಿಲ್ಲ. ಕಾಕಾ ತಾಟಿನ ಮುಂದಿನಿಂದ ಎದ್ದು ನಿಂತರು. "ಏನ ಇದು? ನಡುವ ನಾವು ಮೂರ ಮಂದಿ ಕುಂತೀವಿ, ಕಾಣಂಗಿಲ್ಲೇನು?"

ಕಾಕು ಇನ್ನೊಂದು ರೊಟ್ಟಿ ಬಡಿಯುತ್ತಲೇ ಹೇಳಿದರು: "ರೊಟ್ಟಿ ಹೊಟ್ಟಿಗಿ ಮುಟ್ಟಿತಿಲ್ಲೋ? ಮುಗೀತ. ನೀವು ಒಬ್ಬರಿಗೊಬ್ಬರು ಕೊಟಗೋತ ಕುಂದರ್ರಿ, ಹುಡುಗ ಉಪಾಸ ಬೀಳ್ತಾನ."

ಬಾಪೂರಾವ್ ಈ ಮಾತು ಕೇಳಿ ಕಾಕುವನ್ನೇ ಮ್ಯಾನೇಜರ್ ಮಾಡಬೇಕೆಂದು ಒಂದು ವಾರ ಹಟ ಹಿಡಿದಿದ್ದರು.

ನನಗೆ ಮಾತ್ರ ಒಂದೇ ಕುತೂಹಲ. ಇದು ಈ ಮನುಷ್ಯನಿಗೆ ಬಂದದ್ದಾದರೂ ಎಲ್ಲಿಂದ? ಕಾಕಾ ಹರೆಯದಲ್ಲಿ ಆಡಿದ್ದರೆಂದು ಗೊತ್ತು. ಎಷ್ಟು ಗೋಲು ಹೊಡೆದಿದ್ದಿರಿ ಎಂದು ಕೇಳಿದರೆ ಥಟ್ಟನೆ ಹವಾಮಾನದ ಮಾತು ತೆಗೆಯುತ್ತಿದ್ದರು.

ಹೀಗಿರುವಾಗ 'ಒದಿ, ಓಡು' ಮ್ಯಾನೇಜರ್ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಕಾಕಾ ಎಲ್ಲಿಂದಲೋ ಹುಡುಕಿ ಯಲ್ಲಪ್ಪನವರನ್ನು ಕರೆತಂದರು. ಖಾನಾಪುರದ ಕಡೆ ಹಂಚಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಸಣಕಲು ಮನುಷ್ಯ. ಪಾಳಿ ಮುಗಿಸಿ ಸಂಜೆ, ಅಂಗಿಯ ತೋಳಿಗೆ ಅಂಟಿದ ಕೆಮ್ಮಣ್ಣಿನೊಂದಿಗೇ ರೈಲು ಹತ್ತಿ ಬೆಳಗಾವಿಗೆ ಬರುತ್ತಿದ್ದರು. ಮೊದಲ ದಿನವೇ ಹುಡುಗರನ್ನು ಸಾಲಾಗಿ ನಿಲ್ಲಿಸಿ ಹೇಳಿದರು:

"ಹಸಿ ಹಂಚು ನೋಡೀರೇನ್ರಪಾ? ಅದನ್ನ ಒಗಿಯಾಕ ಬರಂಗಿಲ್ಲ. ಒಬ್ಬ ಇನ್ನೊಬ್ಬನ ಕೈಯಾಗ ಇಡಬೇಕು. ಅಂವ ಹಿಡದಾನೋ ಇಲ್ಲೋ ನೋಡಿ ಬಿಡಬೇಕು. ಚೆಂಡೂ ಹಂಗಽ."

ಕಾಕಾ ಅವತ್ತು ಮನೆಗೆ ಬಂದವರೇ ಯಾರಿಗೂ ಹೇಳದೆ ದೇವರಿಗೆ ಎರಡು ಊದಿನಕಡ್ಡಿ ಹಚ್ಚಿದರು.

ಆಟ ಏನು ಚೆಂದ ಅಂತೀರಿ! ನಮ್ಮ ಹುಡುಗರು ಚೆಂಡನ್ನು ಕೂಸಿನಂತೆ ನೋಡಿಕೊಂಡರು. ಹಿಂದಿದ್ದವನು ನಡುವಿನವನಿಗೆ, ಅವನು ಬಾಜೂದವನಿಗೆ. ಒಂದು ಸಲ ಕಾಕಾನ ಬಲಗಿಸೆಯಲ್ಲಿ ಇಪ್ಪತ್ತಮೂರು ಬೀಜ ಸೇರಿದವು. ಚೆಂಡು ಕಾಣದೆ ಜರ್ಸಿ ಸವೆಸಿದ್ದ ಹುಡುಗರೂ ಈಗ ಆಡಲು ಹತ್ತಿದರು. ಆದರೆ ಒಂದು ಸಣ್ಣ ತೊಂದರೆಯಿತ್ತು. ತಂಡ ಸೋಲುತ್ತಿತ್ತು. ಒಂದಾದ ಮೇಲೊಂದರಂತೆ, ಬಹಳ ಸುಂದರವಾಗಿ ಸೋಲುತ್ತಿತ್ತು.

ತಂಡದ ಸಮಿತಿಯ ಸಭೆ ಸೇರಿತು. ಬಾಪೂರಾವ್ ಅಧ್ಯಕ್ಷರು. "ಯಲ್ಲಪ್ಪ ಭಾಳ ಛಲೋ ಮನಷ್ಯಾ," ಎಂದು ಆರಂಭಿಸಿದರು. ಇನ್ನೊಬ್ಬರನ್ನು ತೆಗೆದುಹಾಕುವ ಮಾತೆಲ್ಲ ಹೀಗೇ ಅಲ್ಲವೇ ಆರಂಭವಾಗುವುದು? "ಆದ್ರ ಮಂದಿ ನಗಾಕ ಹತ್ಯಾರ. ಖಾನಾಪುರದ ಮ್ಯಾಚ್ ಗೆದ್ರ ಇರ್ಲಿ. ಇಲ್ಲಂದ್ರ ಬ್ಯಾರೆ ಮ್ಯಾನೇಜರ್ ನೋಡೂಣು."

ಕಾಕಾ ಒಬ್ಬರೇ ವಿರೋಧಿಸಿದರು. ಯಲ್ಲಪ್ಪನವರಿಗೆ ಸುದ್ದಿ ಮುಟ್ಟಿತು. ಅವರು ಚೆಂಡಿಗೆ ಗಾಳಿ ಹೊಡೆಯುತ್ತ ನಿಂತರು.

ಖಾನಾಪುರಕ್ಕೆ ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಊರಂಚಿನ ಕೆಂಪು ಮಣ್ಣಿನ ಮೈದಾನ, ಸುತ್ತಲಿನ ಕಲ್ಲುಗೋಡೆಯ ಮೇಲೆ ಅರ್ಧ ಊರು. ಬೈಗುಳ ಕನ್ನಡದಲ್ಲಿ, ಹೊಗಳಿಕೆ ಮರಾಠಿಯಲ್ಲಿ. ಎರಡನೆಯ ಅರ್ಧದಲ್ಲಿ ಅದಲುಬದಲು. ಖಾನಾಪುರದವರು ಆರಂಭದಲ್ಲೇ ಏಳೆಂಟು ಪಾಸು ಕೂಡಿಸಿ ನಮ್ಮ ಮೇಲೆ ಒಂದು ಗೋಲು ಹಾಕಿದರು. ಕಾಕಾ ಎದ್ದು ನಿಂತು ಚಪ್ಪಾಳೆ ಹೊಡೆದರು! ಇವರು ತಮ್ಮವರೇ ಎಂದುಕೊಂಡು ಸ್ಥಳೀಯರೊಬ್ಬರು ಕುರ್ಚಿ ಕೊಟ್ಟರು, ಇನ್ನೊಬ್ಬರು ಚಹಾ ತಂದರು.

"ಯಾವ ಗಲ್ಲಿರೀ ಅಜ್ಜಾರ ನಿಮ್ದು?"

"ಹಿಂದವಾಡಿ," ಎಂದರು ಕಾಕಾ ಚಹಾ ಊದುತ್ತ. ಕುರ್ಚಿ ಹೋಯಿತು. ಚಹಾ ಅಷ್ಟರಲ್ಲಿ ಎಂಜಲಾಗಿದ್ದರಿಂದ ಉಳಿಯಿತು.

ಎರಡನೆಯ ಅರ್ಧದಲ್ಲಿ ನಮ್ಮವರು ಒಂದು ಗೋಲು ತೀರಿಸಿದರು. ಸಮ. ಇನ್ನು ಐದು ನಿಮಿಷ. ಒಂದು ಗೋಲು ಬಂದರೆ ಯಲ್ಲಪ್ಪ ಉಳಿಯುತ್ತಾರೆ, ಇಲ್ಲದಿದ್ದರೆ ಇವತ್ತೇ ಕೊನೆ. ಚೆಂಡು ನಮ್ಮ ಹಿಂದಿನ ಹುಡುಗನ ಕಾಲಲ್ಲಿ. ಮುಂದೆ ನಮ್ಮವನೊಬ್ಬ ಒಂಟಿಯಾಗಿ ನಿಂತಿದ್ದಾನೆ, ಅವನ ಸುತ್ತ ಯಾರೂ ಇಲ್ಲ. ಒಂದು ಉದ್ದ ಒದೆತ ಸಾಕು.

ಆಗ ಗೆರೆಯ ಬಳಿಯಿಂದ ಒಂದು ಕೂಗು ಕೇಳಿತು.

"ಒದಿಯೋ! ಮ್ಯಾಲ ಒದಿಯೋ!"

ನಾನು ಬಾಪೂರಾವ್ ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಅವರು ಬಾಯಿ ತೆರೆದೇ ಇರಲಿಲ್ಲ. ಕೂಗಿದ್ದು ಕಾಕಾ! ಕೊರಳ ನರ ಉಬ್ಬಿಸಿಕೊಂಡು, ಎರಡೂ ಕೈ ಆಕಾಶಕ್ಕೆ ಎತ್ತಿಕೊಂಡು.

ಹುಡುಗ ಗೊಂದಲದಲ್ಲಿ ಮ್ಯಾನೇಜರ್ ಕಡೆ ನೋಡಿದ. ಯಲ್ಲಪ್ಪ ಮೊದಲು ಕಾಕಾನ ಕಡೆ ತಿರುಗಿ ಸ್ವಲ್ಪ ನಕ್ಕರು. ಆಮೇಲೆ ಹುಡುಗನಿಗೆ ಅಂಗೈ ಕೆಳಗೆ ಮಾಡಿ ತೋರಿಸಿದರು. ನೆಲದ ಮೇಲೆ. ಹುಡುಗ ಬಾಜೂದವನಿಗೆ ಕೊಟ್ಟ, ಅವನು ನಡುವಿನವನಿಗೆ, ಅವನು ಇನ್ನೊಬ್ಬನಿಗೆ. ಹೀಗೆ ಕೊಡುತ್ತ ಕೊಡುತ್ತ ಮುಂದೆ ಹೋಗುತ್ತಿರುವಾಗಲೇ ರೆಫ್ರಿ ಸೀಟಿ ಊದಿದರು. ಪಂದ್ಯ ಸಮವಾಗಿ ಮುಗಿಯಿತು.

ಮರಳುವ ಬಸ್ಸಿನಲ್ಲಿ ಬಾಪೂರಾವ್ ನಮ್ಮ ಮುಂದಿನ ಸೀಟಿನಲ್ಲಿ ಕುಳಿತಿದ್ದರು.

"ನೀವ್ಯಾಕ ಹಂಗ ಒದರಿದ್ರಿ ಕಾಕಾ?" ಎಂದೆ.

"ಯಲ್ಲಪ್ಪನ್ನ ಕರಕೊಂಡ ಬಂದಾಂವ ನಾನಲ್ಲೇನೋ. ಮಂದಿ ಮುಂದ ಅವನ ಮಾರಿ ಸಣ್ಣದ ಆಗಬಾರದು ಅನಿಸ್ತು." ಕಿಡಕಿಯ ಹೊರಗೆ ನೋಡುತ್ತ ಅವರೇ ಮುಂದುವರಿಸಿದರು. "ನಾ ಎಷ್ಟ ಗೋಲು ಹೊಡದೇನಿ ಅಂತ ಕೇಳ್ತಿದ್ದೆಲಾ? ಒಂದೂ ಇಲ್ಲ. ಒಂಬತ್ತ ವರ್ಷ ನಡುಮೈದಾನದಾಗ ನಿಂತೇನಿ. ಹಿಂದಿನವರು ಒದೀತಿದ್ರು, ಮುಂದಿನವರು ಓಡ್ತಿದ್ರು. ಚೆಂಡು ನನ್ನ ತಲಿ ಮ್ಯಾಲಿಂದ ಹೋಗ್ತಿತ್ತು, ವಿಮಾನ ಹೋದಂಗ. ನಾ ಮ್ಯಾಲ ನೋಡಕೋತ ನಿಂದರತಿದ್ನಿ. ಕಪ್ಪು ಭಾಳ ಗೆದ್ದಿವಿ. ಎಲ್ಲಾ ಫೋಟೋದಾಗೂ ಅದೀನಿ ನಾ."

"ಹಿಂದಿಂದ ಒದೀತಿದ್ದಾಂವ ಯಾರು?"

ಕಾಕಾ ಗಲ್ಲದಿಂದ ಮುಂದಿನ ಸೀಟು ತೋರಿಸಿದರು. "ಇಲ್ಲೇ ಕುಂತಾನಲ್ಲ."

ಬಾಪೂರಾವ್ ಹಿಂದೆ ತಿರುಗಲಿಲ್ಲ. ಕೇಳಿಸಿತ್ತು, ಅಷ್ಟು ಮಾತ್ರ ಗೊತ್ತಾಯಿತು. ಅವರ ಕಿವಿ ಕೆಂಪಾಗಿತ್ತು.

ಸಮಿತಿ ಯಲ್ಲಪ್ಪನವರನ್ನು ತೆಗೆದುಹಾಕಿತು. ಮುಂದಿನ ಭಾನುವಾರ ಅವರು ತಂಡದ ಚೆಂಡುಗಳ ಚೀಲವನ್ನು ಒಪ್ಪಿಸಲು ಮೈದಾನಕ್ಕೆ ಬಂದರು. ಹುಡುಗರು ಇನ್ನೂ ಬಂದಿರಲಿಲ್ಲ. ಅಧ್ಯಕ್ಷರಾದ್ದರಿಂದ ಚೀಲ ತೆಗೆದುಕೊಳ್ಳಲು ಬಾಪೂರಾವ್ ಬಂದಿದ್ದರು, ಗೋಲಿನ ಎದುರಿಗೆ ನಿಂತಿದ್ದರು. ಕಾಕಾ ಮತ್ತು ನಾನು ನಡುವೆ ಎಲ್ಲೋ ಇದ್ದೆವು. ಯಲ್ಲಪ್ಪ ಚೀಲದಿಂದ ಒಂದು ಚೆಂಡು ತೆಗೆದು ಕಾಲಿನ ಒಳಬದಿಯಿಂದ ಮೆಲ್ಲಗೆ ಕಾಕಾನ ಕಡೆ ಉರುಳಿಸಿದರು. ಕಾಕಾ ಚಪ್ಪಲಿ ಕಾಲಿನಿಂದ ಅದನ್ನು ತಡೆದರು. ಅದರ ಮೇಲೆ ಕಾಲಿಟ್ಟುಕೊಂಡು ಬಹಳ ಹೊತ್ತು ನಿಂತರು.

"ಈಗ ಏನ ಮಾಡ್ಲಿ?"

"ನಿಮ್ಮ ಮನಸ್ಸಿಗೆ ಬಂದಂಗ್ರೀ," ಎಂದರು ಯಲ್ಲಪ್ಪ.

ಕಾಕಾ ಅದನ್ನು ಬಾಪೂರಾವ್ ಅವರಿಗೆ ಕೊಟ್ಟರು. ಬಾಪೂರಾವ್ ಅವರ ಮುಂದೆ ಖಾಲಿ ಗೋಲಿತ್ತು. ಅವರು ಗೋಲನ್ನು ಒಮ್ಮೆ ನೋಡಿದರು. ಆಮೇಲೆ ಧೋತರದ ಅಂಚನ್ನು ಸ್ವಲ್ಪ ಮೇಲೆತ್ತಿ ಹಿಡಿದುಕೊಂಡು, ಚೆಂಡನ್ನು ನೆಲದ ಮೇಲೇ, ಮೆಲ್ಲಗೆ, ಕಾಕಾನ ಕಾಲಿಗೆ ಮರಳಿ ಕೊಟ್ಟರು.