ತಮಟೆಯ ಹಿಂದಿನ ಮುದುಕ

ಕೆಲವರು ತಮ್ಮ ಚಟವನ್ನು ಯಾರಿಗೂ ಗೊತ್ತಾಗದಂತೆ ಮುಚ್ಚಿಡುತ್ತಾರೆ. ನನಗೆ ಆ ಭಾಗ್ಯವಿಲ್ಲ, ಏಕೆಂದರೆ ನನ್ನ ಚಟ ತಮಟೆ ಬಾರಿಸುತ್ತದೆ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದ ನಾನು, ಐವತ್ತೆರಡರ ವಯಸ್ಸಿನಲ್ಲೂ ಕಂಪ್ಯೂಟರ್ ಗೇಮ್ ಆಡುತ್ತೇನೆ. ಅದೂ ಹೊಸದಲ್ಲ, ಮದುವೆಯಾದ ಹೊಸತರಲ್ಲಿ ಕೊಂಡ ನಿಧಿ ಹುಡುಕುವ ಆಟ. ಕೋಟೆಯ ಬಾಗಿಲಲ್ಲಿ ಕೂತ ಗಡ್ಡದ ಮುದುಕ ಬೀಗದ ಕೈ ಎಲ್ಲಿದೆಯೆಂದು ಹೇಳುತ್ತಾನೆ. ಅವನು ಬಾಯಿ ತೆರೆದನೋ ಇಲ್ಲವೋ, ಹಿಂದಿನಿಂದ ತಮಟೆ, ಕಹಳೆ ಎಲ್ಲ ಒಟ್ಟಿಗೆ ಶುರು. ಮಾತನ್ನು ಅಕ್ಷರದಲ್ಲಿ ತೋರಿಸುವ ಉಪಕಾರವೂ ಇಲ್ಲ. ಇರುವುದು ಒಂದೇ ವಾಲ್ಯೂಮ್. ಏರಿಸಿದರೆ ತಮಟೆಯೂ ಏರುತ್ತದೆ, ಇಳಿಸಿದರೆ ಮುದುಕನೂ ಮುಳುಗುತ್ತಾನೆ. ಹೀಗಾಗಿ ಇಪ್ಪತ್ತೈದು ವರ್ಷದಿಂದ ನಾನು ಕೋಟೆಯ ಹೊರಗೇ ಇದ್ದೇನೆ.

ನನ್ನ ಕೋಣೆಯ ಗೋಡೆಯಾಚೆಗೇ ರೇಷ್ಮೆ ಹುಳದ ಮನೆ. ಅದು ನನ್ನ ಹೆಂಡತಿ ಮಂಜುಳಾಳ ಸಾಮ್ರಾಜ್ಯ. ಪೊರೆ ಬಿಡುವ ಮುಂಚೆ ಹುಳುಗಳು ಸೊಪ್ಪು ತಿನ್ನದೆ ಅಲುಗಾಡದೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ಹೋದ ವಾರ ಅವಳು ಬಂದು, "ರೀ, ಹುಳ ಜ್ವರಕ್ಕೆ ಕೂತಿದಾವೆ. ನಿಮ್ಮ ತಮಟೆ ನಿಲ್ಸ್ತೀರೋ, ಕಂಪ್ಯೂಟರನ್ನ ತಿಪ್ಪೆಗೆ ಹಾಕ್ಲೋ?" ಎಂದಳು. ನಾನು ಹೆಡ್‌ಫೋನ್ ಕೊಂಡೆ. ಜ್ವರ ಬಿಟ್ಟು ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು. ನಾನು ಮಾತ್ರ ಹೆಡ್‌ಫೋನ್ ಬಿಡಲಿಲ್ಲ.

ಈ ಭಾನುವಾರ ಬೆಳಗ್ಗೆ, ಆಟದ ಫೋಲ್ಡರಿನ ಮೂಲೆಯಲ್ಲಿ ಒಂದು ಚಿಕ್ಕ ಫೈಲ್ ಕಂಡಿತು. ಸಂಗೀತಕ್ಕೆ ನೂರು, ಮಾತಿಗೆ ನಲವತ್ತು ಎಂದು ಬೇರೆ ಬೇರೆಯಾಗಿ ಬರೆದಿತ್ತು! ಸಂಗೀತವನ್ನು ಹತ್ತಕ್ಕಿಳಿಸಿ, ಮಾತನ್ನು ನೂರಕ್ಕೇರಿಸಿದೆ. ತಮಟೆ ಹಾಗೇ ಇತ್ತು. ಮೂರು ಸಲ ಹೀಗೇ ಆದ ಮೇಲೆ ಹೊಳೆಯಿತು: ಆಟ ತೆರೆದಿಟ್ಟುಕೊಂಡೇ ತಿದ್ದುತ್ತಿದ್ದೆ, ಮುಚ್ಚುವಾಗ ಅದು ಹಳೆಯದನ್ನೇ ಮತ್ತೆ ಬರೆದುಕೊಳ್ಳುತ್ತಿತ್ತು. ಲೆಕ್ಕ ತಪ್ಪಿದ ಮಕ್ಕಳ ಕಿವಿ ಹಿಂಡುವ ಮೇಷ್ಟ್ರು ನಾನು! ಮುಚ್ಚಿ ತಿದ್ದಿದೆ, ತೆರೆದೆ. ತಮಟೆ ಎಲ್ಲೋ ಪಕ್ಕದೂರಿಗೆ ಹೋಯಿತು. ಮುದುಕ ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಹೇಳಿದ: "ಹೇಳಬೇಕಾದ್ದನ್ನು ಮೊದಲೇ ಹೇಳಿದ್ದೇನೆ. ಮತ್ತೆ ಹೇಳುವುದಿಲ್ಲ."

ಸಿಟ್ಟಿನಿಂದ ಹೆಡ್‌ಫೋನ್ ಕಿತ್ತೆಸೆದೆ. ಮನೆಯೆಲ್ಲ ನಿಶ್ಶಬ್ದ. ಗೋಡೆಯಾಚೆ ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದೂ ಇಲ್ಲ. ಸದ್ದು ನಿಂತಿತೆಂದರೆ ಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗಿವೆ ಎಂದರ್ಥ. ಹೊತ್ತಿಗೆ ಸರಿಯಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಬಿಡದಿದ್ದರೆ ಸೊಪ್ಪಿನಲ್ಲೇ ಗೂಡು ಕಟ್ಟಿ, ತಿಂಗಳ ದುಡಿಮೆ ಹಾಳು.

ಓಡಿದೆ. ಮಂಜುಳಾ, ಪಕ್ಕದ ಮನೆಯ ನರಸಮ್ಮ ಇಬ್ಬರೇ ಅಷ್ಟೂ ಚಂದ್ರಿಕೆ ತುಂಬಿಸಿದ್ದರು. "ಇಪ್ಪುಡು ತೆಲ್ಲಾರಿಂದಾ ಮೇಷ್ಟ್ರೇ?" ಎಂದು, ಈಗ ಬೆಳಗಾಯಿತೇ ಎಂದು ನರಸಮ್ಮ ತೆಲುಗಿನಲ್ಲಿ ಕೇಳಿದರು. ಮಧ್ಯಾಹ್ನ ಹನ್ನೆರಡಾಗಿತ್ತು. ಮಂಜುಳಾ ಬೈಯಲಿಲ್ಲ. ಒಂದು ಖಾಲಿ ಚಂದ್ರಿಕೆ ತೋರಿಸಿ, "ಇದೊಂದು ನಿಮಗೇಂತ ಇಟ್ಟಿದೀನಿ, ಕೂತ್ಕೊಳಿ" ಎಂದಳು. ಆ ಕ್ಷಣ ಅವಳ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ನರಸಮ್ಮನೆದುರು ತೋರಿಸುವಂತಿರಲಿಲ್ಲ. ತಲೆ ತಗ್ಗಿಸಿ ಕೂತೆ.

ಹುಳು ಆರಿಸುತ್ತ ಅವಳು ನಗುನಗುತ್ತ ಏನೋ ಹೇಳಿದಳು. ಪಕ್ಕದಲ್ಲಿ ಅವಳು ಆಗಷ್ಟೇ ಹಚ್ಚಿದ ಮೊಬೈಲು ಗಟ್ಟಿಯಾಗಿ ಹಾಡುತ್ತಿತ್ತು. ಕೈಚಾಚಿ ಹಾಡನ್ನು ಇಳಿಸಿದೆ. ಫೈಲು ಹುಡುಕಬೇಕಾಗಲಿಲ್ಲ, ಎರಡು ಸೆಕೆಂಡು ಸಾಕಾಯಿತು.

"ಏನಂದೆ ಮಂಜುಳಾ?"

"ಆಗ್ಲೇ ಹೇಳಾಯ್ತು ಬಿಡಿ."